ಹಳೆಯ ಪತ್ರಿಕೆ, ಕಿಲೋಗೆ ಹದಿನಾಲ್ಕು ರೂಪಾಯಿ: ಗ್ರಂಥಾಲಯಗಳ ಹೊಣೆ ಹೊತ್ತ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಹಗಲು ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಉಳಿದ ಹೊತ್ತಿನಲ್ಲಿ ಕನ್ನಡ ಪಿಎಚ್.ಡಿ. ವಿಷಯ, ಬೂಸಾ ಪ್ರಕರಣ ಮತ್ತು ಅದರ ನಂತರದ ಸಾಹಿತ್ಯ.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ (ದನದ ಮೇವು) ಇದೆ ಎಂದದ್ದು, ಅದರಿಂದ ಎದ್ದ ಗಲಭೆಯಲ್ಲಿ ದಲಿತ ವಿದ್ಯಾರ್ಥಿಗಳು ಏಟು ತಿಂದದ್ದು, ಬಸವಲಿಂಗಪ್ಪನವರು ರಾಜೀನಾಮೆ ಕೊಟ್ಟದ್ದು ತಮಗೆ ತಿಳಿಯದ್ದಲ್ಲ. 1975ರಲ್ಲಿ ದಲಿತ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಕವಿತೆ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಆ ವಾರ ಯಾರು ಯಾರನ್ನು ಬೈದರು, ಓದುಗರು ಸಂಪಾದಕರಿಗೆ ಏನು ಬರೆದರು, ಹಾಸ್ಟೆಲುಗಳಲ್ಲಿ ಏನು ನಡೆಯಿತು, ಅದೇ ಪುಟದಲ್ಲಿ ಅಕ್ಕಿಯ ಬೆಲೆ ಎಷ್ಟಿತ್ತು? ಅದೆಲ್ಲ ಅಂದಿನ ಪತ್ರಿಕೆಗಳಲ್ಲಿ ಮಾತ್ರ ಇದೆ. ಆ ಪತ್ರಿಕೆಗಳು ತಮ್ಮ ಬೀಗದೊಳಗಿವೆ. ಬೀಗ ತೆಗೆಸಿ.

ನಗರದ ಒಂದು ಸಾರ್ವಜನಿಕ ಗ್ರಂಥಾಲಯಕ್ಕೆ ಎರಡು ವರ್ಷದಲ್ಲಿ ಒಂಬತ್ತು ಸಲ ಹೋದೆ. (ಹೆಸರು ಬರೆಯುವುದಿಲ್ಲ. ಬರೆದರೆ ಗುಮಾಸ್ತರಿಗೆ ವರ್ಗಾವಣೆಯಾಗುತ್ತದೆ, ಬೀಗ ಅಲ್ಲೇ ಇರುತ್ತದೆ.) ಸಲಕ್ಕೊಂದು ಅರ್ಧ ದಿನದ ರಜೆ. ಮಾರ್ಗದರ್ಶಕರ ಪತ್ರ ತನ್ನಿ ಎಂದರು, ತಂದೆ. ಮೊಹರಿಲ್ಲ ಎಂದರು, ಹಾಕಿಸಿದೆ. ಕೀಲಿ ಇದ್ದವರು ನಿವೃತ್ತರಾದರು ಎಂದರು. ಅದಕ್ಕೆ ನಾನೇನು ತರಲಿ?

ಒಂಬತ್ತನೆಯ ಸಲ ಹೋದಾಗ ಹಳೆಯ ಪತ್ರಿಕೆಗಳ ಕೋಣೆ ತೆರೆದಿತ್ತು! ಗೇಟಿನ ಬಳಿ ಗುಜರಿಯವನು ತಕ್ಕಡಿ ನೇತುಹಾಕಿಕೊಂಡು ಸಂಪುಟಗಳನ್ನು ತೂಗುತ್ತಿದ್ದ. ಸೆಣಬಿನ ಹುರಿಯಿಂದ ಬಿಗಿದ ಕಟ್ಟು, ಬೆನ್ನಿಗೆ ಕೆಂಪು ಬಟ್ಟೆ, ಅದರ ಮೇಲೆ ಯಾರೋ ದುಂಡಗಿನ ಅಕ್ಷರದಲ್ಲಿ ಬರೆದ, ಈಗ ಮಾಸಿಹೋದ ತಿಂಗಳು, ವರ್ಷ. ಕಿಲೋಗೆ ಹದಿನಾಲ್ಕು ರೂಪಾಯಿ ಕೊಟ್ಟು ಒಂದು ಕಟ್ಟು ಕೊಂಡೆ. ಮೊಹರು ಕೇಳದೆ, ಪತ್ರ ಕೇಳದೆ ಕೊಟ್ಟವನು ಅವನೊಬ್ಬನೇ. ಮನೆಗೆ ಬಂದು ಬಿಚ್ಚಿದರೆ 1974ರ ಫೆಬ್ರುವರಿ. 1973ರ ನವೆಂಬರ್, ಡಿಸೆಂಬರ್ ಕಟ್ಟುಗಳು ಅಂದು ಬೆಳಿಗ್ಗೆಯೇ ಲಾರಿಗೆ ಹೋಗಿದ್ದವಂತೆ.

ವಿಲೇವಾರಿಗೆ ನಿಯಮವಿದೆ, ತಮಗೆ ಗೊತ್ತಿದೆ. ಪಟ್ಟಿ ಮಾಡಿದ್ದರೆ ಆ ಪಟ್ಟಿ ಎಲ್ಲಿ? ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುವವರಲ್ಲಿ ನಮ್ಮ ಮನೆಯೂ ಒಂದು. ಕರ ಕಟ್ಟಿ, ಅದೇ ಗ್ರಂಥಾಲಯದ ಪತ್ರಿಕೆಯನ್ನು ಗುಜರಿಯವನಿಂದ ಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವಂಥದ್ದಲ್ಲ. ಅದಕ್ಕೆ ವಂದನೆಗಳು.

ದಯವಿಟ್ಟು ಕೋಣೆ ತೆರೆಸಿ. ಮೊದಲು ತೂಗುವುದನ್ನು ನಿಲ್ಲಿಸಿ, ಆಮೇಲೆ ತೆರೆಸಿ. ಸ್ಕ್ಯಾನ್ ಮಾಡಿಸುವ ಯೋಜನೆ, ಸಮಿತಿ, ಉದ್ಘಾಟನೆ ಎಲ್ಲ ನಿಧಾನವಾಗಿ ಆಗಲಿ. ನನಗೆ ಬೇಕಿರುವುದು ಒಂದು ಮೇಜು, ಒಂದು ಬಲ್ಬು, ಬೀಗವಿಲ್ಲದ ಬಾಗಿಲು.

ಕೀಲಿ ಸಿಕ್ಕರೆ ತಿಳಿಸಿ. ಈ ವರ್ಷದ ರಜೆಯಲ್ಲಿ ಅರ್ಧ ದಿನದವು ಇನ್ನೂ ಎರಡು ಉಳಿದಿವೆ.

ಇತಿ,
ತಮ್ಮ ಇಲಾಖೆಯ ಹಳೆಯ ಓದುಗಾರ್ತಿ
ಬೆಂಗಳೂರು