ನಮ್ಮ ಕಷಾಯ ಪುಡಿಯಲ್ಲಿ ಇನ್ನು ಜೇಷ್ಠಮಧು ಇರುವುದಿಲ್ಲ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ,

ಈ ತಿಂಗಳಿಂದ ಕಷಾಯ ಪುಡಿಗೆ ಜೇಷ್ಠಮಧು ಹಾಕುವುದನ್ನು ನಿಲ್ಲಿಸಿದ್ದೇವೆ. ಪ್ಯಾಕೆಟ್ ಮೇಲಿದ್ದ ‘ಬಿಪಿ ಇರುವವರಿಗೂ ಒಳ್ಳೆಯದು’ ಎಂಬ ಸಾಲನ್ನೂ ತೆಗೆದಿದ್ದೇವೆ. ಆ ಸಾಲು ತಪ್ಪಾಗಿತ್ತು. ದಯವಿಟ್ಟು ಕ್ಷಮಿಸಿ.

ನಮ್ಮ ಶಿರಸಿ ಸೀಮೆಯಲ್ಲಿ ಮನೆಗೆ ಬಂದವರಿಗೆ ‘ಆಸ್ರಿಗೆ (ಬಾಯಾರಿಕೆಗೆ) ಚಾ ಬೇಕಾ, ಕಷಾಯ ಬೇಕಾ’ ಎಂದು ಕೇಳುವುದು ರೂಢಿ. ಚಾ ಬಿಟ್ಟ ಹಿರಿಯರು ದಿನಕ್ಕೆ ಮೂರು ಲೋಟ ಕಷಾಯ ಕುಡಿಯುತ್ತಾರೆ. ಹಾಗೆ ಕುಡಿಯುತ್ತಿದ್ದ ಒಬ್ಬ ಅಜ್ಜಿಗೆ ಮಾತ್ರೆ ಬದಲಿಸಿದರೂ ಬಿಪಿ ಇಳಿಯಲಿಲ್ಲ. ಕಾಲು ಬಾತುಕೊಂಡಿತು. ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಶಿಯಂ ಕಡಿಮೆ. ಮಾತ್ರೆ ಬಿಟ್ಟು ಬೇರೆ ಏನು ತಗೊಳ್ತೀರಿ ಎಂದು ಡಾಕ್ಟರು ಕೇಳಿದಾಗ ನಮ್ಮ ಕಷಾಯದ ಮಾತು ಬಂತು. ಗಂಟಲಿಗೆ ಹಿತ ಅಂತ ಅದರ ಮೇಲೆ ಜೇಷ್ಠಮಧುವಿನ ಚೂರನ್ನೂ ಅಗಿಯುತ್ತಿದ್ದರಂತೆ. ಎರಡನ್ನೂ ಬಿಟ್ಟ ಕೆಲವು ವಾರಗಳಲ್ಲಿ ಬಿಪಿ ಹತೋಟಿಗೆ ಬಂತು. ಅವರ ಸೊಸೆ ಫೋನ್ ಮಾಡಿ ತಿಳಿಸಿದ ದಿನವೇ ಪುಡಿ ಮಾಡುವುದನ್ನು ನಿಲ್ಲಿಸಿದೆವು.

ಜೇಷ್ಠಮಧುವಿಗೆ ಸಿಹಿ ಬರುವುದು ಗ್ಲಿಸಿರೈಜಿನ್ ಎಂಬ ಅಂಶದಿಂದ. ಅದು ಜಾಸ್ತಿಯಾದರೆ ಕಿಡ್ನಿ ಉಪ್ಪು, ನೀರನ್ನು ಒಳಗೇ ಉಳಿಸಿಕೊಂಡು ಪೊಟ್ಯಾಶಿಯಂ ಅನ್ನು ಹೊರಗೆ ಹಾಕುತ್ತದೆ. ಬಿಪಿ ಏರುತ್ತದೆ. ಬಿಪಿಗೆ ಕೊಡುವ, ಮೂತ್ರ ಹೆಚ್ಚು ಹೋಗುವಂತೆ ಮಾಡುವ ‘ನೀರಿನ ಮಾತ್ರೆ’ಗಳಲ್ಲಿ ಕೆಲವು ಪೊಟ್ಯಾಶಿಯಂ ಕಳೆಯುತ್ತವೆ. ಎರಡೂ ಸೇರಿದರೆ ಅಪಾಯ. ಸ್ವೀಡನ್‌ನ ಲಿಂಶೋಪಿಂಗ್ ವಿಶ್ವವಿದ್ಯಾಲಯದವರು 28 ಜನರಿಗೆ ಎರಡು ವಾರ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಇರುವ ಜೇಷ್ಠಮಧು ಕೊಟ್ಟು ನೋಡಿ, 2024ರಲ್ಲಿ ವರದಿ ಪ್ರಕಟಿಸಿದರು. ಬಿಪಿ ಏರಿತ್ತು. ಅವರೆಲ್ಲ 18ರಿಂದ 30 ವರ್ಷದ ಆರೋಗ್ಯವಂತರು. ಕೆಮ್ಮಿದಾಗ ಒಂದು ಚೂರು ಅಗಿಯುವುದು ಬೇರೆ, ವರ್ಷವಿಡೀ ದಿನಾ ಕುಡಿಯುವುದು ಬೇರೆ ಅಲ್ವಾ?

ಹೊಸ ಪುಡಿಯಲ್ಲಿ ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು, ಶುಂಠಿ ಇವೆ. ಸ್ವಲ್ಪ ಸಿಹಿಗೆ ಸೋಂಪು. ರುಚಿ ಮೊದಲಿನಂತಿಲ್ಲ, ನಾಲಿಗೆಗೆ ಒಗ್ಗಲು ನಾಲ್ಕು ದಿನ ಬೇಕು. ಹಳೆಯ ಪ್ಯಾಕೆಟ್ ಒಡೆದಿದ್ದರೂ ಪರವಾಗಿಲ್ಲ, ತಂದುಕೊಡಿ. ಹೊಸದು ಕೊಡುತ್ತೇವೆ.

ಬಿಪಿಗೆ ಬೆಳ್ಳುಳ್ಳಿ ಕ್ಯಾಪ್ಸೂಲ್ ಇಡಿ ಎಂದು ಹಲವರು ಕೇಳಿದ್ದೀರಿ. ಇಡುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರಿಗೆ ಅದರಿಂದ ರಕ್ತಸ್ರಾವದ ಭಯವಿದೆ. ಯಾರು ಯಾವ ಮಾತ್ರೆಯಲ್ಲಿದ್ದಾರೆ ಎಂದು ಅಂಗಡಿಯಲ್ಲಿ ಕೂತ ನಮಗೆ ಹೇಗೆ ತಿಳಿಯಬೇಕು? ಹಾಗೆಯೇ, ಬಿಪಿ ಇರುವವರು ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳವನ್ನೂ ಕಡಿಮೆ ಕೊಳ್ಳಿ. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಟೀ ಚಮಚವೂ ತುಂಬುವುದಿಲ್ಲ. ಮಾರುವವರೇ ಹೀಗೆ ಹೇಳುತ್ತಾರಲ್ಲ ಅನ್ನಿಸಬಹುದು. ನೀವು ಚೆನ್ನಾಗಿರುವುದು ನಮಗೆ ಮುಖ್ಯ.

ಬಿಪಿ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಡಾಕ್ಟರ ಹತ್ತಿರ ಹೋಗುವಾಗ ನಮ್ಮ ಪ್ಯಾಕೆಟನ್ನೂ ಒಯ್ಯಿರಿ. ಯಾವುದನ್ನು ಎಷ್ಟು ಗ್ರಾಂ ಹಾಕಿದ್ದೇವೆ ಎಂದು ಈಗ ಹಿಂಬದಿಯಲ್ಲಿ ಬರೆದಿದ್ದೇವೆ.

ಇತಿ,
ಕಷಾಯ ಪುಡಿ ಮಾಡುವ ನಿಮ್ಮ ಮಹಿಳಾ ಸಂಘದವರು