ಟೈ-ಅಪ್ ಆಗಲಿ, ಆದರೆ ವಿಶ್ವವಿದ್ಯಾಲಯದ ಜೊತೆ

ಸಂಪಾದಕರೇ,

ಹತ್ತನೇ ತರಗತಿ ರಿಸಲ್ಟ್ ಬಂತೆಂದರೆ ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲೂ ಒಂದೇ ಮಾತು, ಯಾವ ಜೂನಿಯರ್ ಕಾಲೇಜಿಗೆ ಯಾವ ಕೋಚಿಂಗ್ ಕ್ಲಾಸಿನವರ ಟೈ-ಅಪ್, ಅಂದರೆ ಒಪ್ಪಂದ, ಇದೆ ಅಂತ. ಹೆಸರು ಕಾಲೇಜಿನಲ್ಲಿ, ಮಗು ಕೂರುವುದು ಕೋಚಿಂಗ್ ಕ್ಲಾಸಿನಲ್ಲಿ. ಲ್ಯಾಬ್ ನೋಡುವುದು ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ. ದುಡ್ಡು ಹೊಂದಿಸಲಾಗದವರು ಸೈನ್ಸೇ ಬೇಡ ಅಂತ ಮಗಳನ್ನು ಕಾಮರ್ಸಿಗೆ ಸೇರಿಸುತ್ತಾರೆ, ಅವಳಿಗೆ ಆಸೆ ಎಷ್ಟೇ ಇರಲಿ.

ಟೈ-ಅಪ್ ತಪ್ಪಲ್ಲ, ಯಾರ ಜೊತೆ ಅನ್ನುವುದು ಮುಖ್ಯ. ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯ 1972ರಿಂದ 'ಪ್ರಾಜೆಕ್ಟ್ ಅಡ್ವಾನ್ಸ್' ಅಂತ ಒಂದು ಕಾರ್ಯಕ್ರಮ ನಡೆಸುತ್ತಿದೆ. ಹೈಸ್ಕೂಲಿನ ಟೀಚರನ್ನೇ ವಿಶ್ವವಿದ್ಯಾಲಯ ಕರೆಸಿ ತರಬೇತಿ ಕೊಡುತ್ತದೆ, ಅವರು ತಮ್ಮ ಶಾಲೆಯಲ್ಲೇ ಡಿಗ್ರಿ ಮಟ್ಟದ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಫೊರೆನ್ಸಿಕ್ ಸೈನ್ಸ್ ಕೂಡ ಕಲಿಸುತ್ತಾರೆ, ಪಾಸಾದವರಿಗೆ ವಿಶ್ವವಿದ್ಯಾಲಯದ ಕ್ರೆಡಿಟ್, ಅಂದರೆ ಡಿಗ್ರಿ ಓದಿನ ಲೆಕ್ಕಕ್ಕೆ ಸೇರುವ ಅಂಕ, ಸಿಗುತ್ತದೆ. ನನಗೆ ತುಂಬಾ ಹಿಡಿಸಿದ್ದು ಟೀಚರ್ ವಿಷಯ. ಮಕ್ಕಳು ಪಾಸಾಗಿ ಹೋಗುತ್ತಾರೆ, ತರಬೇತಿ ಪಡೆದ ಟೀಚರ್ ಆ ಶಾಲೆಯಲ್ಲೇ ಇರುತ್ತಾರೆ, ಮುಂದಿನ ಬ್ಯಾಚಿಗೂ ಅದು ಸಿಗುತ್ತದೆ.

ನಮ್ಮಲ್ಲಿ ಏನು ಕಡಿಮೆ ಇದೆ ಹೇಳಿ? ಮಾಟುಂಗಾದಲ್ಲಿ ರಸಾಯನ ತಂತ್ರಜ್ಞಾನ ಕಲಿಸುವ ಐಸಿಟಿ, ಪವಾಯಿಯಲ್ಲಿ ಐಐಟಿ, ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯ. ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಂತೂ 1974ರಿಂದ ಶಾಲಾ ವಿಜ್ಞಾನಕ್ಕಾಗಿಯೇ ದುಡಿಯುತ್ತಿದೆ. ಒಲಿಂಪಿಯಾಡ್‌ಗೆ ಆಯ್ಕೆಯಾದ ಕೆಲವೇ ಮಕ್ಕಳು ಅಲ್ಲಿಗೆ ಹೋಗಿ ಕಲಿಯುತ್ತಾರೆ, ಉಳಿದವರಿಗೂ ಅಂಥ ಪಾಠ ಅವರ ಶಾಲೆಗೇ ಬರಬೇಕು ಅಲ್ವಾ? 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಕಲಿಕೆಗೂ ಕ್ರೆಡಿಟ್ ಲೆಕ್ಕ ಇಡಲು ದಾರಿ ಮಾಡಿದೆ.

ಹನ್ನೆರಡನೇ ತರಗತಿಯ ಎಚ್‌ಎಸ್‌ಸಿ, ಸಿಇಟಿ, ನೀಟ್ ಪರೀಕ್ಷೆಗಳ ನಡುವೆ ಇನ್ನೊಂದು ಹೊರೆ ಯಾಕೆ ಅಂತ ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಗಾಗಿ ಒಂದೇ ವಿಷಯದಿಂದ ಶುರು ಮಾಡಬೇಕು, ಅದೂ ಇಷ್ಟವಿದ್ದವರಿಗೆ ಮಾತ್ರ.

ಮೊದಲ ಹೆಜ್ಜೆ ನಮ್ಮ ಕನ್ನಡ ಸಂಸ್ಥೆಗಳೇ ಇಡಲಿ. ಹಗಲೆಲ್ಲ ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರಿಗೆ ರಾತ್ರಿ ಶಾಲೆ ತೆರೆದವರು ಇವರೇ. ಇವತ್ತು ಇವರ ಕೈಯಲ್ಲಿ ಹೈಸ್ಕೂಲು, ಜೂನಿಯರ್ ಕಾಲೇಜು ಎಲ್ಲ ಇವೆ. ಆಡಳಿತ ಮಂಡಳಿಯವರು ಈ ವರ್ಷವೇ ಕೆಮಿಸ್ಟ್ರಿಯ ಒಬ್ಬ ಟೀಚರನ್ನು ಜೊತೆಗೆ ಕರೆದುಕೊಂಡು ಹೋಗಿ ಐಸಿಟಿ, ಐಐಟಿಯಂಥ ಸಂಸ್ಥೆಗಳಲ್ಲಿ ಒಂದರ ಬಾಗಿಲು ತಟ್ಟಲಿ. ಟೀಚರ್ ತರಬೇತಿಯ ಖರ್ಚನ್ನು ದಾನಿಗಳಿಂದ ಕೇಳಲಿ, ಮಕ್ಕಳಿಂದ ಬೇಡ. ಪಕ್ಕದ ಮುನಿಸಿಪಲ್ ಶಾಲೆಯಿಂದ ಬಂದ ಮಕ್ಕಳಿಗೂ ಅದೇ ಬೆಂಚಿನಲ್ಲಿ ಜಾಗ ಕೊಡಲಿ.

- ಒಬ್ಬ ಪಾಲಕಿ, ಚೆಂಬೂರು, ಮುಂಬಯಿ