ಮುನ್ಸೂಚನೆ ಇಲ್ಲದೆ ಫೀಡ್ ಬದಲಿಸಿದ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಪ್ರಕಾಶಕರ ಸಹಾಯ ವಿಭಾಗ

ವಿಷಯ: ಫೀಡ್‌ನ ಅಲ್ಗಾರಿದಮ್ (ಯಾರಿಗೆ ಯಾವ ಬರಹ ತೋರಿಸಬೇಕೆಂದು ನಿರ್ಧರಿಸುವ ಸೂತ್ರ) ಬದಲಾವಣೆಯಿಂದ ನಮ್ಮ ಜಾಲತಾಣಕ್ಕೆ ಬರುತ್ತಿದ್ದ ಓದುಗರು ತಪ್ಪಿಹೋಗಿರುವ ಕುರಿತು

ಮಾನ್ಯರೇ,

ಮೂವರು ಸೇರಿ ನಡೆಸುತ್ತಿರುವ ಸಣ್ಣ ಜಾಲತಾಣ ನಮ್ಮದು. ವರ್ಷಗಳಿಂದ ನಿಮ್ಮ ಫೀಡ್‌ನಲ್ಲಿ, ಅಂದರೆ ಓದುಗರಿಗೆ ನೀವು ಆರಿಸಿ ತೋರಿಸುವ ಬರಹಗಳ ಸಾಲಿನಲ್ಲಿ, ಕಾಣಿಸಿಕೊಳ್ಳುತ್ತಿದ್ದ ನಮ್ಮ ಬರಹಗಳು ಕಳೆದ ತಿಂಗಳು ಒಂದೇ ರಾತ್ರಿಯಲ್ಲಿ ಹೆಚ್ಚುಕಡಿಮೆ ಮಾಯವಾದವು. ಈ ಬಗ್ಗೆ ಮೂರು ಸಲ ಬರೆದೆ. ಮೂರು ಸಲವೂ ಬಂದದ್ದು ಅಕ್ಷರ ಬದಲಾಗದ ಒಂದೇ ಉತ್ತರ: ‘ಬರಹದ ಗುಣಮಟ್ಟ ಸುಧಾರಿಸಿಕೊಳ್ಳಿ.’

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಕಾರಣ ನಿಮ್ಮದೇ ವರದಿಯಲ್ಲಿದೆ. ನಮ್ಮ ಇಂಪ್ರೆಶನ್, ಅಂದರೆ ಲೇಖನ ಓದುಗರ ಪರದೆಯ ಮೇಲೆ ಬಂದು ಹೋದ ಲೆಕ್ಕ, ಮೊದಲಿದ್ದುದರ ಕಾಲು ಭಾಗಕ್ಕೆ ಇಳಿದಿದೆ. ಆದರೆ ಕಂಡವರಲ್ಲಿ ಕ್ಲಿಕ್ ಮಾಡಿದವರ ಪ್ರಮಾಣ ಇದ್ದಲ್ಲೇ ಇದೆ. ಜನರಿಗೆ ನಮ್ಮ ಬರಹ ಬೇಡವಾಗಿದ್ದರೆ ಮೊದಲು ಕುಸಿಯಬೇಕಿದ್ದದ್ದು ಅದೇ. ನಿಜವಾಗಿ ಆಸಕ್ತಿ ಇರುವವರಿಗಷ್ಟೇ ಆರಿಸಿ ತೋರಿಸುತ್ತಿದ್ದೀರಿ ಎನ್ನುವುದಾದರೆ ಆ ಪ್ರಮಾಣ ಏರಬೇಕಿತ್ತು. ಅದೂ ಆಗಿಲ್ಲ. ಹುಡುಕಾಟದಿಂದ ಬರುವವರು, ವಿಳಾಸ ಟೈಪ್ ಮಾಡಿ ನೇರವಾಗಿ ಬರುವವರು ಎಂದಿನಷ್ಟೇ ಇದ್ದಾರೆ. ಪುಟಗಳು ತೆರೆದುಕೊಳ್ಳುವ ವೇಗ ನೋಡಿದೆವು, ತಾಂತ್ರಿಕ ದೋಷಗಳನ್ನು ಹುಡುಕಿದೆವು, ನಿಯಮ ಮುರಿದ ನೋಟಿಸ್ ಇದೆಯೇ ಎಂದು ನಿಮ್ಮಲ್ಲಿರುವ ನಮ್ಮ ಖಾತೆಯನ್ನೂ ಜಾಲಾಡಿದೆವು. ಏನೂ ಸಿಗಲಿಲ್ಲ. ನಮ್ಮನ್ನು ‘ಫಾಲೋ’ ಮಾಡಿದವರೇ ‘ನೀವು ಬರೆಯುವುದು ನಿಲ್ಲಿಸಿದ್ದೀರಾ’ ಎಂದು ಕೇಳುತ್ತಿದ್ದಾರೆ. ಫಾಲೋ ಒತ್ತಿದವರಿಗೂ ತೋರಿಸದಿದ್ದರೆ ಆ ಗುಂಡಿ ಯಾಕಿದೆ?

ಇನ್ನೂ ನೋವಾದದ್ದು ಬೇರೆ. ಎರಡು ವಾರ ದಾಖಲೆ ಕಲೆಹಾಕಿ ಬರೆದ ಲೇಖನವೊಂದು ಫೀಡ್‌ಗೆ ಬರಲೇ ಇಲ್ಲ. ಅದನ್ನೇ ನಾಲ್ಕು ಪ್ಯಾರಾಗೆ ಇಳಿಸಿ, ಬೆಚ್ಚಿಬೀಳಿಸುವ ತಲೆಬರಹ ಹಚ್ಚಿದ ಇನ್ನೊಂದು ತಾಣದ ನಕಲು ಮೂರು ದಿನ ಅಲ್ಲೇ ಓಡಾಡಿತು. ನಾವೂ ಅಂಥ ತಲೆಬರಹ ಕೊಡೋಣವೇ ಎಂದು ಸಹೋದ್ಯೋಗಿ ಕೇಳಿದರು. ಬೇಡ ಎಂದೆ. ಆದರೆ ಜಾಹೀರಾತಿನ ಆದಾಯ ಬಿದ್ದು, ಹೊರಗಿನ ಲೇಖಕರ ಸಂಭಾವನೆ ಬಾಕಿ ಉಳಿದಿರುವಾಗ ಎಷ್ಟು ದಿನ ಹಾಗೆ ಹೇಳಬಲ್ಲೆನೋ ಗೊತ್ತಿಲ್ಲ.

ಫೀಡ್ ನಿಮ್ಮದು, ಬದಲಿಸುವ ಹಕ್ಕೂ ನಿಮ್ಮದೇ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್‌ನಲ್ಲಿ ಗೆಳೆಯರು, ಮನೆಯವರ ಪೋಸ್ಟ್‌ಗಳಿಗೆ ಆದ್ಯತೆ ಕೊಟ್ಟಾಗ ಪ್ರಕಾಶಕರಿಗೆ ಪೆಟ್ಟು ಬಿದ್ದದ್ದು ನಿಜ, ಆದರೆ ಏನು ಬದಲಾಗುತ್ತಿದೆ ಎಂಬುದನ್ನಾದರೂ ಬಹಿರಂಗವಾಗಿ ಹೇಳಿತ್ತು. 2021ರಲ್ಲಿ ಆಸ್ಟ್ರೇಲಿಯಾ ತಂದ ಸುದ್ದಿ ಮಾಧ್ಯಮ ಸಂಹಿತೆಯಲ್ಲಿ, ಸುದ್ದಿತಾಣಗಳಿಗೆ ಹೋಗುವ ಓದುಗರ ಮೇಲೆ ಗಣನೀಯ ಪರಿಣಾಮ ಬೀರುವ ಅಲ್ಗಾರಿದಮ್ ಬದಲಾವಣೆಯನ್ನು ಸಂಹಿತೆಗೆ ಒಳಪಡುವ ಕಂಪನಿ 14 ದಿನ ಮೊದಲೇ ತಿಳಿಸಬೇಕು ಎಂದಿದೆ. ಯುರೋಪಿಯನ್ ಒಕ್ಕೂಟದಲ್ಲಿ 2020ರ ಜುಲೈನಿಂದ ಜಾರಿಯಲ್ಲಿರುವ ನಿಯಮ, ಶ್ರೇಯಾಂಕ, ಅಂದರೆ ಯಾವುದು ಮೇಲೆ ಯಾವುದು ಕೆಳಗೆ ಕಾಣಬೇಕೆಂಬುದನ್ನು, ನಿರ್ಧರಿಸುವ ಮುಖ್ಯ ಅಂಶಗಳನ್ನು ವೇದಿಕೆಗಳು ಬಿಡಿಸಿ ಹೇಳಬೇಕೆನ್ನುತ್ತದೆ. ಅಲ್ಗಾರಿದಮ್ಮನ್ನೇ ಬಿಚ್ಚಿಡಿ ಎಂದು ಆ ನಿಯಮ ಕೇಳುವುದಿಲ್ಲ, ನಾನೂ ಕೇಳುತ್ತಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ನಮ್ಮ ಪುಟಗಳನ್ನು ಒಬ್ಬ ಮನುಷ್ಯ ಕೂತು ನೋಡಲಿ. ಕುಸಿತಕ್ಕೆ ಕಾರಣ ನಮ್ಮ ತಾಣದ ಮೇಲಿನ ಕ್ರಮವೋ ಎಲ್ಲರಿಗೂ ಅನ್ವಯಿಸಿದ ಬದಲಾವಣೆಯೋ ಎಂಬುದನ್ನು ಲಿಖಿತವಾಗಿ ತಿಳಿಸಿ. ಮುಂದಿನ ಸಲ ಎರಡು ವಾರ ಮೊದಲೇ ಸೂಚನೆ ಕೊಡಿ. ಫಾಲೋ ಮಾಡಿದವರಿಗೆ ನಮ್ಮ ಹೊಸ ಬರಹ ತಲುಪುವಂತೆ ಮಾಡಿ.

ಕುಸಿತದ ಮೊದಲಿನ ಮತ್ತು ನಂತರದ ವರದಿಗಳು, ಮೂಲ ಲೇಖನ ಮತ್ತು ಅದರ ನಕಲಿನ ಕೊಂಡಿಗಳು, ಹಿಂದಿನ ಮೂರು ದೂರುಗಳ ಪ್ರತಿ ಈ ಪತ್ರದ ಜೊತೆಗಿವೆ. 15 ದಿನಗಳೊಳಗೆ ಉತ್ತರ ಕೊಡಬೇಕಾಗಿ ಕೋರುತ್ತೇನೆ.

ಇಂತಿ ನಂಬುಗೆಯ,
ಸಂಪಾದಕಿ